ಕೆಲಸವಿಲ್ಲದ ಅಜ್ಜಿ ಮಾಡುವ ಕೆಲಸ



ಒಂದು ಸಣ್ಣ ಪ್ರಶ್ನೆಯಿಂದ ಆರಂಭಿಸೋಣ. ಗಣತಿಯವರು ನಿಮ್ಮ ಮನೆಗೆ ಬಂದು, “ಇಲ್ಲಿ ಕೆಲಸ ಮಾಡುವವರು ಯಾರು ಯಾರು?” ಎಂದು ಕೇಳಿದರೆ ಯಾರ ಹೆಸರು ಹೇಳುತ್ತೀರಿ? ಅಪ್ಪ ನೌಕರಿ ಮಾಡುತ್ತಾರೆ, ಅವ್ವ ಹೊಲಕ್ಕೆ ಹೋಗುತ್ತಾಳೆ, ಅಣ್ಣ ಅಂಗಡಿಯಲ್ಲಿದ್ದಾನೆ ಎನ್ನುತ್ತೀರಿ. ಅಜ್ಜಿ? “ಅಜ್ಜಿ ಮನೆಯಲ್ಲೇ ಇರುತ್ತಾಳೆ” ಎಂದು ಹೇಳಿ ಮುಗಿಸುತ್ತೀರಿ. ನಾನೂ ಹಾಗೆಯೇ ಹೇಳುತ್ತಿದ್ದೆ. ಆ ಉತ್ತರ ತಪ್ಪು ಎಂದು ನನಗೆ ತಿಳಿದದ್ದು ಡಾಬಕಾದ ಒಂದು ಮನೆಯಲ್ಲಿ.

ಬೀದರ ಜಿಲ್ಲೆಯ ಔರಾದ ಸೀಮೆ ನಮ್ಮ ರಾಜ್ಯದ ಉತ್ತರದ ತುತ್ತತುದಿ. ಅದರಾಚೆ ಮಹಾರಾಷ್ಟ್ರ. ಡಾಬಕಾ ಈ ಗಡಿಭಾಗದ ಊರು. ತಾಯಿ ಮತ್ತು ಮಕ್ಕಳ ಆರೈಕೆಯ ಬಗ್ಗೆ ಒಂದು ಕಿರುಚಿತ್ರ ತೆಗೆಯಲು ನಮ್ಮ ತಂಡ ಅಲ್ಲಿಗೆ ಹೋಗಿತ್ತು. ಮಳೆಗಾಲದ ದಿನಗಳು, ಹೊಲಗಳಲ್ಲಿ ಸೋಯಾ, ಹೆಸರು, ಉದ್ದು, ತೊಗರಿ ಬೆಳೆದು ನಿಂತಿದ್ದವು, ಕಳೆ ತೆಗೆಯುವ ಕೆಲಸ ಜೋರಾಗಿತ್ತು. ನಾವು ಆರಿಸಿಕೊಂಡ ಮನೆಯಲ್ಲಿ ಹತ್ತು ತಿಂಗಳ ಹೆಣ್ಣು ಕೂಸು, ನಾಲ್ಕು ವರ್ಷದ ಹುಡುಗ, ಕೂಲಿಗೆ ಹೋಗುವ ತಾಯಿ, ಗಾಡಿ ಓಡಿಸುವ ತಂದೆ, ಮತ್ತು ಅರವತ್ತು ದಾಟಿದ ಅಜ್ಜಿ ಇದ್ದರು. ಆ ಕಡೆ ಅಜ್ಜಿಗೆ ‘ಆಯಿ’ ಎನ್ನುತ್ತಾರೆ. ಚಿತ್ರೀಕರಣದ ಪಟ್ಟಿಯಲ್ಲಿ ತಾಯಿ, ಮಕ್ಕಳು, ಅಂಗನವಾಡಿ, ಆಶಾ ಕಾರ್ಯಕರ್ತೆ ಎಲ್ಲರೂ ಇದ್ದರು. ಆಯಿ ಇರಲಿಲ್ಲ. “ನಿಮ್ಮದೇನು ಕೆಲಸ, ಆಯಿ?” ಎಂದು ಸುಮ್ಮನೆ ಕೇಳಿದ್ದಕ್ಕೆ ಆಕೆಯೂ ನಕ್ಕು, “ನಂದೇನ್ ಕೆಲ್ಸ ಅದ ಸಾಹೇಬ್ರೆ, ಕೂಸಿಗಿ ಹಿಡ್ಕೊಂಡು ಕುಂತೀನಿ ಅಷ್ಟೇ” ಎಂದಿದ್ದರು.

ಊರಿಗೆ ಮರಳಿ ಸಂಕಲನದ ಮೇಜಿನ ಮುಂದೆ ಕುಳಿತಾಗ ಬೇರೆಯೇ ಚಿತ್ರ ಕಂಡಿತು. ತಾಯಿ ರೊಟ್ಟಿ ಬಡಿಯುವ ದೃಶ್ಯದ ಅಂಚಿನಲ್ಲಿ ಕೂಸನ್ನು ಹಿಡಿದ ಸುಕ್ಕುಗಟ್ಟಿದ ಕೈ. ಹುಡುಗ ಅಂಗನವಾಡಿಗೆ ಹೊರಟ ದೃಶ್ಯದಲ್ಲಿ ಅವನ ಬೆರಳು ಹಿಡಿದ ಅದೇ ಕೈ. ತಾಯಿ ಮಾತನಾಡುವ ದೃಶ್ಯದಲ್ಲಿ, ಚೌಕಟ್ಟಿನ ಹೊರಗಿನಿಂದ, ಜೋಳಿಗೆ ತೂಗುತ್ತಾ ಹಾಡುವ ದನಿ. ನಾವು ತೆಗೆಯದೆಯೇ ಆಯಿ ಎಲ್ಲ ದೃಶ್ಯಗಳಲ್ಲೂ ಇದ್ದರು. ಅವರ ಕೈಯನ್ನು ತೆಗೆದುಬಿಟ್ಟರೆ ಒಂದು ದೃಶ್ಯವೂ ನಿಲ್ಲುತ್ತಿರಲಿಲ್ಲ.

ನಾನು ಓದಿದ್ದು ವಿಜ್ಞಾನ. ಆದ್ದರಿಂದ ಮನಸ್ಸಿನಲ್ಲಿ ಎದ್ದ ಪ್ರಶ್ನೆಯೂ ವಿಜ್ಞಾನದ್ದೇ: ಈ ಕೆಲಸವನ್ನು ಅಳೆಯಬಹುದೇ? ಅದರಿಂದ ಮಕ್ಕಳಿಗೆ ಆಗುವ ಲಾಭವನ್ನು ತೋರಿಸಬಹುದೇ?

ಲೆಕ್ಕಕ್ಕೆ ಸಿಗದ ಗಂಟೆಗಳು

ಮೊದಲು ಲೆಕ್ಕವನ್ನೇ ನೋಡೋಣ. ನಮ್ಮ ಜನಗಣತಿಯಲ್ಲಿ ಮನೆಗೆಲಸ ಮತ್ತು ಮಕ್ಕಳ ಆರೈಕೆಯಲ್ಲಷ್ಟೇ ತೊಡಗಿದವರು ‘ಕೆಲಸಗಾರರಲ್ಲದವರು’ ಎಂಬ ವರ್ಗಕ್ಕೆ ಸೇರುತ್ತಾರೆ. ಮನೆಯೊಳಗಿನ ಈ ದುಡಿಮೆ ಆ ಲೆಕ್ಕದಲ್ಲಿ ಕೆಲಸವಲ್ಲ. ಈ ಕೊರತೆಯನ್ನು ತುಂಬಲು 2019ರಲ್ಲಿ ಭಾರತ ಸರ್ಕಾರ ದೇಶದಾದ್ಯಂತ ಒಂದು ಕಾಲಬಳಕೆಯ ಸಮೀಕ್ಷೆ ನಡೆಸಿತು. ಆರು ವರ್ಷ ಮೇಲ್ಪಟ್ಟ ಜನರು ಒಂದು ದಿನದ 24 ಗಂಟೆಗಳನ್ನು ಹೇಗೆ ಕಳೆಯುತ್ತಾರೆ ಎಂದು ಕೇಳಿ ಬರೆದುಕೊಂಡರು. ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಅದಕ್ಕೆ ಕೊಡುತ್ತಾರೆ ಎಂದು ತಿಳಿಯಿತು. ಮನೆಯವರ ಆರೈಕೆಯಲ್ಲಿ ತೊಡಗುವ ಹೆಂಗಸರು 134 ನಿಮಿಷ, ಗಂಡಸರು 76 ನಿಮಿಷ ಕೊಡುತ್ತಿದ್ದರು.

ಈಗ ಡಾಬಕಾದ ಮನೆಗೆ ಬನ್ನಿ. ಬೆಳಿಗ್ಗೆ ಐದಕ್ಕೆ ತಾಯಿ ಒಲೆ ಹಚ್ಚುತ್ತಾಳೆ. ಜೋಳದ ರೊಟ್ಟಿ, ಪಲ್ಯ, ಬುತ್ತಿ. ಅಷ್ಟರಲ್ಲಿ ಕೂಸು ಎದ್ದು ಅಳುತ್ತದೆ. ತಾಯಿ ಹಾಲು ಕುಡಿಸಿ ಆಯಿಯ ಕೈಗೆ ಕೊಡುತ್ತಾಳೆ. ಕೂಸಿಗೆ ಎಣ್ಣೆ ತಿಕ್ಕುವುದು, ಎರೆಯುವುದು, ಕುಲಾಯಿ ಕಟ್ಟುವುದು, ಹುಡುಗನ ಮುಖ ತೊಳೆದು ಅಂಗನವಾಡಿಗೆ ಬಿಡುವುದು, ಬೇಳೆ ಹಾಕಿ ಕುದಿಸಿದ ಮೆತ್ತನೆಯ ಅನ್ನ ಹಿಚುಕಿ ತಿನ್ನಿಸುವುದು, ಜೋಳಿಗೆ ತೂಗುವುದು, ಒದ್ದೆಯಾದ ಕೌದಿ ಒಣಗಹಾಕುವುದು, ಹುಡುಗನನ್ನು ಕರೆತರುವುದು. ನಡುವೆ ಹೊಲದಿಂದ ಬಂದ ತಾಯಿಯ ಕೈಗೆ ಹಾಲಿಗಾಗಿ ಕೂಸನ್ನು ಕೊಟ್ಟು, ಮತ್ತೆ ಇಸಿದುಕೊಳ್ಳುವುದು. ನಾವು ಚಿತ್ರೀಕರಿಸಿದ ದಿನದ ಟೇಪುಗಳನ್ನು ಇಟ್ಟುಕೊಂಡು ನಾನು ಈ ಹೊತ್ತನ್ನೆಲ್ಲ ಕೂಡಿಸಿದೆ. ಒಂಬತ್ತು ಗಂಟೆ ಮೀರಿತು. “ಹಿಡ್ಕೊಂಡು ಕುಂತೀನಿ ಅಷ್ಟೇ” ಎಂಬ ಮಾತಿನೊಳಗೆ ಒಂದು ಕಚೇರಿಯ ದಿನಕ್ಕಿಂತ ಹೆಚ್ಚಿನ ದುಡಿಮೆ ಅಡಗಿತ್ತು.

ಇನ್ನೊಂದು ಮಾತು ಗಮನಿಸಿ. ಸಂಘಟಿತ ನೌಕರಿಯಲ್ಲಿರುವ ತಾಯಂದಿರಿಗೆ ಕಾನೂನಿನ ರಕ್ಷಣೆ ಇದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ, ಮೊದಲ ಎರಡು ಮಕ್ಕಳಿಗೆ ಸಂಬಳಸಹಿತ ರಜೆ 12ರಿಂದ 26 ವಾರಗಳಿಗೆ ಏರಿತು. ಹೊಲದ ಕೂಲಿಗೆ ಹೋಗುವ ತಾಯಿಗೆ ಅಂಥ ರಜೆ ಯಾರು ಕೊಡುತ್ತಾರೆ? ಆಕೆ ಹೊಲಕ್ಕೆ ಹೋಗಿ ಕೂಲಿ ತರಬೇಕಾದರೆ ಮನೆಯಲ್ಲಿ ಇನ್ನೊಂದು ಜೊತೆ ಕೈ ಇರಲೇಬೇಕು. ಅಂದರೆ ತಾಯಿ ತಂದ ಕೂಲಿಯಲ್ಲಿ ಆಯಿಯ ಪಾಲೂ ಇದೆ.

ಪ್ರಕೃತಿಯ ಒಂದು ಒಗಟು

ಜೀವವಿಜ್ಞಾನದಲ್ಲಿ ಅಜ್ಜಿ ಒಂದು ಒಗಟು. ಹೆಚ್ಚಿನ ಪ್ರಾಣಿಗಳಲ್ಲಿ ಹೆಣ್ಣು ಸಾಯುವ ಹೊತ್ತಿನವರೆಗೂ ಮರಿ ಹಾಕುತ್ತಿರುತ್ತದೆ. ಮನುಷ್ಯರಲ್ಲಿ ಹಾಗಲ್ಲ. ಹೆಂಗಸರ ಮುಟ್ಟು 45ರಿಂದ 50ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಅದಾದ ಮೇಲೂ ಆಕೆ ಇಪ್ಪತ್ತು, ಮೂವತ್ತು ವರ್ಷ ಗಟ್ಟಿಯಾಗಿ ಬದುಕುತ್ತಾಳೆ. ಸಂತಾನ ಹೆಚ್ಚಿಸುವ ಗುಣಗಳನ್ನು ಉಳಿಸಿಕೊಳ್ಳುವ ವಿಕಾಸಕ್ರಿಯೆ ಈ ವರ್ಷಗಳನ್ನು ಏಕೆ ಕೊಟ್ಟಿತು?

1957ರಲ್ಲಿ ಅಮೆರಿಕದ ಜೀವವಿಜ್ಞಾನಿ ಜಾರ್ಜ್ ವಿಲಿಯಮ್ಸ್ ಒಂದು ಸುಳಿವು ಕೊಟ್ಟರು: ಒಂದು ವಯಸ್ಸಿನ ನಂತರ ಹೊಸ ಮಗುವನ್ನು ಹೆರುವ ಅಪಾಯಕ್ಕಿಂತ, ಇರುವ ಮಕ್ಕಳನ್ನು ಉಳಿಸಿಕೊಳ್ಳುವುದೇ ಹೆಚ್ಚು ಲಾಭ. ಮುಂದೆ ಕ್ರಿಸ್ಟನ್ ಹಾಕ್ಸ್ ಮತ್ತು ಅವರ ಸಂಗಡಿಗರು ಆಫ್ರಿಕದ ತಾಂಜಾನಿಯಾದಲ್ಲಿ ಬೇಟೆ ಮತ್ತು ಗೆಡ್ಡೆಗೆಣಸುಗಳಿಂದ ಬದುಕುವ ಹಾಡ್ಜಾ ಜನರ ನಡುವೆ ಇದ್ದು ನೋಡಿದರು. ಅಲ್ಲಿನ ಮುದುಕಿಯರು ಸುಮ್ಮನೆ ಕುಳಿತವರಲ್ಲ. ಗಟ್ಟಿ ನೆಲ ಅಗೆದು ಗೆಡ್ಡೆ ತೆಗೆಯುವುದರಲ್ಲಿ ಅವರು ಹರೆಯದವರಿಗಿಂತ ಹಿಂದಿರಲಿಲ್ಲ. ತಾಯಿಗೆ ಹೊಸ ಕೂಸು ಹುಟ್ಟಿ ಆಕೆಯ ಹೊತ್ತು ಅದಕ್ಕೇ ಹೋದಾಗ, ಹಾಲು ಬಿಟ್ಟ ದೊಡ್ಡ ಮಗುವಿನ ತೂಕ ಏರುವುದು ಅಜ್ಜಿ ತಂದ ಆಹಾರವನ್ನು ಅವಲಂಬಿಸಿತ್ತು. 1997 ಮತ್ತು 1998ರಲ್ಲಿ ಪ್ರಕಟವಾದ ಈ ವಿಚಾರಕ್ಕೆ ‘ಅಜ್ಜಿ ಸಿದ್ಧಾಂತ’ ಎಂದೇ ಹೆಸರು ಬಂತು.

2004ರಲ್ಲಿ ಫಿನ್ಲೆಂಡಿನ ಮಿರ್ಕಾ ಲಹ್ಡೆನ್‌ಪೆರಾ ಮತ್ತು ಸಂಗಡಿಗರು ಫಿನ್ಲೆಂಡ್ ಮತ್ತು ಕೆನಡಾದ ಹಳೆಯ ಚರ್ಚುಗಳ ಜನನ ಮರಣದ ದಾಖಲೆಗಳನ್ನು ತೆಗೆದು ಲೆಕ್ಕ ಹಾಕಿದರು. ಐವತ್ತು ದಾಟಿದ ಮೇಲೆ ಹೆಂಗಸು ಬದುಕಿದ ಪ್ರತಿ ಹತ್ತು ವರ್ಷಕ್ಕೆ ಆಕೆಗೆ ಸರಾಸರಿ ಎರಡು ಮೊಮ್ಮಕ್ಕಳು ಹೆಚ್ಚಾಗಿದ್ದರು. ಪಶ್ಚಿಮ ಆಫ್ರಿಕದ ಗ್ಯಾಂಬಿಯಾದಲ್ಲಿ ರೆಬೆಕಾ ಸಿಯರ್ ಮತ್ತು ರೂತ್ ಮೇಸ್ ಅವರು, ತಾಯಿಯ ತಾಯಿ ಬದುಕಿದ್ದ ಮನೆಗಳಲ್ಲಿ ನಡೆದಾಡುವ ವಯಸ್ಸಿನ ಮಕ್ಕಳು ಹೆಚ್ಚಾಗಿ ಉಳಿಯುತ್ತಿದ್ದುದನ್ನು ಕಂಡರು. ಎಲ್ಲ ಸಮಾಜಗಳಲ್ಲೂ ಫಲ ಒಂದೇ ತೆರನಾಗಿಲ್ಲ. ತಂದೆಯ ತಾಯಿಯ ಪ್ರಭಾವ ಕೆಲವೆಡೆ ಹೆಚ್ಚು, ಕೆಲವೆಡೆ ಕಡಿಮೆ. ಆದರೂ ಒಟ್ಟು ಚಿತ್ರ ಸ್ಪಷ್ಟ. ಮನುಷ್ಯನ ಕೂಸು ತಾಯಿಯೊಬ್ಬಳೇ ಸಾಕಲಾರದಷ್ಟು ದೀರ್ಘಕಾಲ ಪರಾವಲಂಬಿ. ಅದನ್ನು ಬೆಳೆಸಲು ಹಲವು ಕೈಗಳು ಬೇಕು. ಆ ಕೈಗಳಲ್ಲಿ ಅಜ್ಜಿಯದು ಬಹಳ ಹಳೆಯ ಕೈ.

ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರುವ ನಮ್ಮ ಪದ್ಧತಿಯನ್ನು ಈ ಬೆಳಕಿನಲ್ಲಿ ನೋಡಿ. ಡಾಬಕಾದ ಸೊಸೆಯ ತವರು ಉದಗೀರ ಅಥವಾ ದೇಗಲೂರ ಕಡೆ ಇರಬಹುದು. 1956ರಲ್ಲಿ ಹೈದರಾಬಾದ್ ರಾಜ್ಯದ ಹಳೆಯ ಬೀದರ ಜಿಲ್ಲೆ ಮೂರು ಪಾಲಾಗಿ ಉದಗೀರ ಮರಾಠಿ ಸೀಮೆಗೆ ಸೇರಿತು. ಗಡಿಗೆರೆ ಎಳೆದರೂ ಹೆಣ್ಣು ಕೊಟ್ಟು ತರುವ ನಂಟು ನಿಲ್ಲಲಿಲ್ಲ. ಹೀಗೆ ಒಂದೇ ಕೂಸಿಗೆ ತವರಿನಲ್ಲಿ ಮರಾಠಿಯ ಅಜ್ಜಿ, ಊರಿನಲ್ಲಿ ಕನ್ನಡದ ಆಯಿ.

ದೂರದರ್ಶಕ ಮಾಡಲಾಗದ್ದು

ಈ ಎರಡು ಭಾಷೆಗಳ ಮಾತು ಬಂದದ್ದರಿಂದ, ನನ್ನ ಕಸುಬಿಗೆ ಸ್ವಲ್ಪ ಮುಜುಗರ ತರುವ ಒಂದು ಪ್ರಯೋಗವನ್ನು ಹೇಳಬೇಕು.

ಹುಟ್ಟಿದ ಕೂಸಿನ ಕಿವಿ ಲೋಕದ ಎಲ್ಲ ಭಾಷೆಗಳ ಧ್ವನಿಗಳಿಗೂ ತೆರೆದಿರುತ್ತದೆ. 1984ರಲ್ಲಿ ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಕೆನಡಾದಲ್ಲಿ ಇಂಗ್ಲಿಷ್ ಮನೆಗಳ ಮಕ್ಕಳಿಗೆ ಹಿಂದಿಯ ‘ತ’ ಮತ್ತು ‘ಟ’ ಕೇಳಿಸಿದರು. ನಮಗೆ ಬಹು ಸುಲಭವಾದ ಈ ವ್ಯತ್ಯಾಸ ಇಂಗ್ಲಿಷ್ ಮಾತಾಡುವ ದೊಡ್ಡವರಿಗೆ ಕೇಳಿಸುವುದು ಕಷ್ಟ. ಆದರೆ ಆರೇಳು ತಿಂಗಳ ಕೂಸುಗಳು ಅದನ್ನು ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳಾಗುವ ಹೊತ್ತಿಗೆ ಆ ಶಕ್ತಿ ಬಹುಮಟ್ಟಿಗೆ ಕುಗ್ಗಿತ್ತು. ಸುತ್ತಲಿನವರು ಆಡದ ಧ್ವನಿಗಳನ್ನು ಮಿದುಳು ಬದಿಗಿಡುತ್ತದೆ. ಆಡುವ ಧ್ವನಿಗಳನ್ನು ಗಟ್ಟಿಮಾಡಿಕೊಳ್ಳುತ್ತದೆ.

2003ರಲ್ಲಿ ಅಮೆರಿಕದ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಮುಂದಿನ ಪ್ರಶ್ನೆ ಕೇಳಿದರು. ಒಂಬತ್ತು ತಿಂಗಳ ಮಕ್ಕಳಿಗೆ ಚೀನೀ ಭಾಷೆ ಕೇಳಿಸಿದರೆ ಅವು ಅದರ ಧ್ವನಿಗಳನ್ನು ಹಿಡಿಯುತ್ತವೆಯೇ? ಒಂದು ಗುಂಪಿನ ಮಕ್ಕಳೆದುರು ಚೀನೀ ಮಾತಾಡುವವರು ನೆಲದ ಮೇಲೆ ಕುಳಿತು, ಆಟಿಕೆ ತೋರಿಸಿ, ಪುಸ್ತಕ ಓದಿದರು. ಹನ್ನೆರಡು ಸಲ, ಪ್ರತಿ ಸಲ ಸುಮಾರು 25 ನಿಮಿಷ. ಇನ್ನೊಂದು ಗುಂಪಿಗೆ ಅದೇ ಜನರನ್ನು, ಅದೇ ಮಾತನ್ನು ಪರದೆಯ ಮೇಲೆ ತೋರಿಸಿದರು. ಎದುರಿಗೆ ಮನುಷ್ಯರಿದ್ದ ಗುಂಪು ಆ ಧ್ವನಿಗಳನ್ನು ಕಲಿಯಿತು. ಪರದೆ ನೋಡಿದ ಗುಂಪು ಏನನ್ನೂ ಕಲಿಯಲಿಲ್ಲ.

ಕಾರಣವೇನು? ಆಯಿ ಕೂಸಿನೊಡನೆ ಆಡುವುದನ್ನು ಗಮನಿಸಿ ನೋಡಿ. ಕೂಸು ‘ಆ’ ಎಂದರೆ ಆಯಿ ‘ಆ’ ಎನ್ನುತ್ತಾರೆ. ಕೂಸು ಕೋಳಿಯ ಕಡೆ ನೋಡಿದರೆ ಆಯಿ ಕೋಳಿಯ ಹೆಸರು ಹೇಳುತ್ತಾರೆ. ಕೂಸು ಸುಮ್ಮನಾದರೆ ಅವರೂ ಕಾಯುತ್ತಾರೆ. ನಕ್ಕರೆ ಮತ್ತೆ ಆರಂಭಿಸುತ್ತಾರೆ. ಮಾತು ಕೊಟ್ಟು ತೆಗೆದುಕೊಳ್ಳುವ ಈ ಆಟವನ್ನು ಯಾವ ಪರದೆಯೂ ಆಡಲಾರದು. ಕೂಸು ಎತ್ತ ನೋಡುತ್ತಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಒಂದು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಕೂಸು ಅಳದಿರಲಿ ಎಂದು ಮೊಬೈಲನ್ನು ಅದರ ಕೈಗೆ ಕೊಡುವವರು ಸಾಮಾನ್ಯವಾಗಿ ಅಜ್ಜಿಯಲ್ಲ. ಹೆಚ್ಚಾಗಿ ನಾವು, ನೀವು.

ಎಳ್ಳಮಾಸಿಯ ದಿನ ಬೀದರ ಸೀಮೆಯ ಮನೆಗಳವರು ಭಜ್ಜಿ, ರೊಟ್ಟಿ, ಅಂಬಲಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರಲ್ಲ, ಅಂದು ಅಜ್ಜಿಯ ಕಂಕುಳಲ್ಲಿ ಕುಳಿತ ಮಗುವನ್ನು ಗಮನಿಸಿ. ತೊಗರಿ, ಕಡಲೆ, ಜೋಳ ಎಂಬ ಹೆಸರುಗಳು ಅದರ ಕಿವಿಗೆ ಬೀಳುವುದು ಮುಟ್ಟಿ ನೋಡಬಹುದಾದ ಗಿಡದ ಜೊತೆಗೆ.

ಆಯಿಯೂ ಕಲಿಯಬೇಕಾದದ್ದು

ಇಷ್ಟು ಹೇಳಿ ನಿಲ್ಲಿಸಿದರೆ ಅದು ಬರಿಯ ಹೊಗಳಿಕೆಯಾದೀತು. ಅಜ್ಜಿಯ ತಿಳಿವಳಿಕೆಯಲ್ಲಿ ಚಿನ್ನವೂ ಇದೆ, ಹೊಟ್ಟೂ ಇದೆ. ಎರಡನ್ನೂ ಬೇರೆ ಮಾಡುವುದು ಓದಿದ ನಿಮ್ಮ ಕೆಲಸ.

ಹದವಾಗಿ ಎಣ್ಣೆ ತಿಕ್ಕುವುದು, ಎದೆಗವಚಿ ಮಲಗಿಸುವುದು, ಜೋಗುಳ ಹಾಡುವುದು ಒಳ್ಳೆಯದು. ಆದರೆ ಮೂಗಿಗೆ, ಕಿವಿಗೆ ಎಣ್ಣೆ ಬಿಡಬಾರದು. ಹುಟ್ಟಿದ ಕೂಸಿಗೆ ಜೇನು ನೆಕ್ಕಿಸಬಾರದು. ಒಂದು ವರ್ಷದೊಳಗಿನ ಮಗುವಿಗೆ ಜೇನಿನಲ್ಲಿರಬಹುದಾದ ಒಂದು ಜಾತಿಯ ಸೂಕ್ಷ್ಮಾಣು ಅಪಾಯಕರ. ಹೆರಿಗೆಯಾದೊಡನೆ ಬರುವ ಹಳದಿ ಗಿಣ್ಣಹಾಲನ್ನು ಹಿಂಡಿ ಚೆಲ್ಲಬಾರದು. ರೋಗ ತಡೆಯುವ ಶಕ್ತಿ ಅದರಲ್ಲೇ ಹೆಚ್ಚು. ಆರು ತಿಂಗಳವರೆಗೆ ತಾಯಿಯ ಹಾಲಷ್ಟೇ ಸಾಕು. ಬೀದರದ ಬೇಸಿಗೆಯಲ್ಲಿ “ಕೂಸಿಗೆ ಬಾಯಾರಿಕೆಯಾಗದೇ?” ಎಂದು ಅಜ್ಜಿ ಕೇಳುವುದು ಸಹಜ. ತಾಯಿಯ ಹಾಲಿನಲ್ಲಿ ಬಹುಪಾಲು ನೀರೇ ಇದೆ ಎಂದು ಹೇಳಿ. ಅಂಗಡಿಯ ಕಾಡಿಗೆಯಲ್ಲಿ ಸೀಸ ಇರಬಹುದು. ಮುಚ್ಚಿದ ಕೋಣೆಯಲ್ಲಿ ಲೋಬಾನದ ಹೊಗೆ ಕೂಸಿನ ಎಳೆಯ ಶ್ವಾಸಕೋಶಕ್ಕೆ ಹಾನಿ.

ಎಲ್ಲಕ್ಕಿಂತ ಮುಖ್ಯವಾದದ್ದು ಭೇದಿಯ ವಿಷಯ. ಭೇದಿಯಾದಾಗ ನೀರು ಕೊಟ್ಟರೆ ಇನ್ನೂ ಹೆಚ್ಚುತ್ತದೆ ಎಂಬ ನಂಬಿಕೆ ಹಲವು ಮನೆಗಳಲ್ಲಿದೆ. ಇದು ಜೀವಕ್ಕೇ ಎರವಾಗುವ ತಪ್ಪು. ಭೇದಿಯಲ್ಲಿ ಕೂಸು ಸಾಯುವುದು ಮೈಯಿಂದ ನೀರು, ಉಪ್ಪು ಹೋಗಿಬಿಡುವುದರಿಂದ. 1971ರಲ್ಲಿ ಬಾಂಗ್ಲಾದೇಶದ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರಕ್ಕೆ ಬಂದಾಗ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಕೊಡುವ ಲವಣದ್ರವ ಮುಗಿಯುತ್ತಾ ಬಂದಿತ್ತು. ಡಾ. ದಿಲೀಪ್ ಮಹಲಾನಬಿಸ್ ಅವರು ಉಪ್ಪು, ಗ್ಲೂಕೋಸ್, ಅಡಿಗೆ ಸೋಡಾ ಬೆರೆಸಿದ ನೀರನ್ನು ಬಾಯಿಂದಲೇ ಕುಡಿಸುವ ಧೈರ್ಯ ಮಾಡಿದರು. ಕುಡಿಸಿದವರು ಯಾರು ಗೊತ್ತೇ? ರೋಗಿಗಳ ಪಕ್ಕ ಕುಳಿತಿದ್ದ ಮನೆಯವರು. ಅವರ ಆರೈಕೆಯಲ್ಲಿದ್ದವರ ಸಾವಿನ ಪ್ರಮಾಣ ನೂರಕ್ಕೆ ಸುಮಾರು 30ರಿಂದ 4ಕ್ಕಿಂತ ಕೆಳಗಿಳಿಯಿತು.

ಇಂದು ಆ ಪುಡಿ ಓ.ಆರ್.ಎಸ್. ಹೆಸರಿನಲ್ಲಿ ಆಶಾ ಕಾರ್ಯಕರ್ತೆಯರ ಬಳಿ ಸಿಗುತ್ತದೆ. ಪೊಟ್ಟಣ ಕೈಗೆ ಸಿಗದಾಗ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಸಮಚಮಚ ಉಪ್ಪು ಹಾಕಿ ಕಲಕಬಹುದು. ಚಮಚ ಎಂದರೆ ಚಹಾದ ಚಮಚ, ಉಪ್ಪು ಹೆಚ್ಚಾಗಬಾರದು. ಜೊತೆಗೆ ತಾಯಿಯ ಹಾಲು ನಿಲ್ಲಿಸಬಾರದು. ಸತುವಿನ ಮಾತ್ರೆಯನ್ನು ಆರೋಗ್ಯ ಕಾರ್ಯಕರ್ತೆಯರು ಹೇಳಿದಷ್ಟು ದಿನ ಕೊಡಬೇಕು. ಕಣ್ಣು ಗುಳಿಬಿದ್ದರೆ, ಕೂಸು ಮಂಕಾದರೆ, ಕುಡಿಯಲಾರದಾದರೆ, ಭೇದಿಯಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಈಗ ಒಂದು ಮಾತು ಯೋಚಿಸಿ. ಪೊಟ್ಟಣದ ಮೇಲಿನ ಅಕ್ಷರ ಓದಬಲ್ಲವರು ನೀವು. ಆದರೆ ವಾಂತಿ ಮಾಡುವ ಕೂಸಿಗೆ ಒಂದೊಂದೇ ಚಮಚ, ನಿಮಿಷಕ್ಕೊಂದು, ರಾತ್ರಿಯಿಡೀ ಕುಡಿಸುವ ತಾಳ್ಮೆ ಯಾರಿಗಿದೆ? ಕೂಸಿನ ಅಳುವಿನಲ್ಲಿ ಹಸಿವು ಯಾವುದು, ನೋವು ಯಾವುದು ಎಂದು ಗುರುತಿಸುವ ಕಿವಿ ಯಾರದು? ನಿಮ್ಮ ಓದು ಮತ್ತು ಆಯಿಯ ತಾಳ್ಮೆ ಎರಡೂ ಕೂಡಿದರೆ ಮಾತ್ರ ಆ ನೀರು ಔಷಧಿಯಾಗುತ್ತದೆ. ಆದ್ದರಿಂದ ಅಜ್ಜಿಗೆ “ನಿನಗೇನೂ ಗೊತ್ತಿಲ್ಲ, ಸುಮ್ಮನಿರು” ಎನ್ನಬೇಡಿ. “ಆಯಿ, ಹೀಂಗ ಮಾಡಿ ನೋಡೂಣೇನು?” ಎಂದು ಕೇಳಿ. ನಾವಿದ್ದ ಮನೆಯಲ್ಲಿ ಆಶಾ ಕಾರ್ಯಕರ್ತೆ ಮಾಡಿದ್ದು ಅದನ್ನೇ. ಆಕೆ ಬಂದವಳು ಮೊದಲು ಆಯಿಯ ಪಕ್ಕ ಕುಳಿತು, ಅವರ ಮೊಣಕಾಲು ನೋವು ವಿಚಾರಿಸಿ, ಆಮೇಲೆ ಕೂಸಿನ ಮಾತು ತೆಗೆದಳು.

ಆಯಿಯ ಮೊಣಕಾಲು

ಹೌದು, ಆ ಮೊಣಕಾಲಿನ ಬಗ್ಗೆಯೂ ಎರಡು ಮಾತು. ಅಜ್ಜಿಯ ಪ್ರೀತಿಗೆ ಬೆಲೆ ಕಟ್ಟಲಾಗದು ಎನ್ನುತ್ತಾ ನಾವು ಅವರ ದುಡಿಮೆಯನ್ನು ಪುಕ್ಕಟೆ ಮಾಡಿಬಿಡುತ್ತೇವೆ. ಅರವತ್ತು ದಾಟಿದ ಮೈಯಲ್ಲಿ ಎಂಟು ಕಿಲೋ ಕೂಸನ್ನು ದಿನವಿಡೀ ಎತ್ತಿ ಇಳಿಸುವುದು ಸುಲಭವಲ್ಲ. ಕಣ್ಣಿಗೆ ಪೊರೆ ಬಂದಿರಬಹುದು, ರಕ್ತಹೀನತೆ ಇರಬಹುದು. ಕೂಸಿನ ಲಸಿಕೆಯ ದಿನ ನೆನಪಿಡುವ ಮನೆ, ಆಯಿಯ ಕಣ್ಣು ತೋರಿಸುವ ದಿನವನ್ನು ಮುಂದೂಡುತ್ತಲೇ ಇರುತ್ತದೆ.

ಆದ್ದರಿಂದಲೇ ಊರಿಗೆ ಇನ್ನಷ್ಟು ಕೈಗಳು ಬೇಕು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಿಂದ ನಮ್ಮ ಅಂಗನವಾಡಿಗಳು ಬಂದವು. ನಮ್ಮ ರಾಜ್ಯದಲ್ಲಿ ಅದು ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಸಣ್ಣ ಮಕ್ಕಳಿಗಾಗಿ ಕರ್ನಾಟಕ ಸರ್ಕಾರ 2023ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯುವ ಯೋಜನೆ ಪ್ರಕಟಿಸಿತು. ಇವು ಅಜ್ಜಿಯ ಜಾಗ ಕಿತ್ತುಕೊಳ್ಳುವ ಯೋಜನೆಗಳಲ್ಲ. ಆಕೆಯ ಮೊಣಕಾಲಿಗೆ ನಾಲ್ಕು ಗಂಟೆ ಬಿಡುವು ಕೊಡುವ ಯೋಜನೆಗಳು. ಇನ್ನು ಮನೆಯ ಗಂಡಸರು. ಆ 76 ನಿಮಿಷ ಇನ್ನೂ ಸ್ವಲ್ಪ ಬೆಳೆಯಲಿ ಎಂದರೆ ಯಾರೂ ತಪ್ಪು ತಿಳಿಯಲಾರರು.

ನಿಮ್ಮ ಮನೆಯಲ್ಲಿ ಅಜ್ಜಿ ಇಲ್ಲದಿರಬಹುದು. ಅದರಿಂದ ಕೂಸಿನ ಬೆಳವಣಿಗೆ ಕುಂದುತ್ತದೆ ಎಂದು ಭಾವಿಸಬೇಡಿ. ಕೂಸಿಗೆ ಬೇಕಾದದ್ದು ದಿನವೂ ಸಿಗುವ, ಗುರುತಿನ, ಅವಸರವಿಲ್ಲದ ಒಬ್ಬ ಮನುಷ್ಯ. ಅದು ಅಜ್ಜನಾಗಬಹುದು, ಚಿಕ್ಕಮ್ಮನಾಗಬಹುದು, ನೆರೆಮನೆಯವರಾಗಬಹುದು, ಕಾಲೇಜು ಮುಗಿಸಿ ಬಂದ ನೀವೂ ಆಗಬಹುದು.

ನೀವೇ ಮಾಡಿ ನೋಡಿ

ಒಂದು ಹಾಳೆಯ ಮೇಲೆ ಬೆಳಗಿನ ಐದರಿಂದ ರಾತ್ರಿಯ ಹತ್ತರವರೆಗೆ ಅರ್ಧರ್ಧ ಗಂಟೆಗೆ ಒಂದರಂತೆ ಗೆರೆ ಎಳೆಯಿರಿ. ರಜೆಯ ಒಂದು ದಿನ ನಿಮ್ಮ ಮನೆಯಲ್ಲಿ ಅಥವಾ ನೆರೆಮನೆಯಲ್ಲಿ ಸಣ್ಣ ಮಗುವನ್ನು ಯಾವ ಹೊತ್ತಿನಲ್ಲಿ ಯಾರು ನೋಡಿಕೊಂಡರು ಎಂದು ಬರೆಯಿರಿ. ಪ್ರತಿಯೊಬ್ಬರ ಗಂಟೆಗಳನ್ನು ಕೂಡಿಸಿ. ಆಮೇಲೆ ಅಜ್ಜಿಯ ಪಕ್ಕ ಕುಳಿತು ಆ ಪಟ್ಟಿಯನ್ನು ಅವರಿಗೆ ಓದಿ ಹೇಳಿ. ಬಿಟ್ಟುಹೋದದ್ದು ಏನು ಎಂದು ಕೇಳಿ. ಖಂಡಿತ ಬಿಟ್ಟುಹೋಗಿರುತ್ತದೆ.

ನಮ್ಮ ಕಿರುಚಿತ್ರವನ್ನು ನಾವು ಮತ್ತೆ ಸಂಕಲನ ಮಾಡಿದೆವು. ಅಂಚಿನಲ್ಲಿದ್ದ ಕೈಯ ದೃಶ್ಯಗಳನ್ನು ಈ ಬಾರಿ ಕತ್ತರಿಸಲಿಲ್ಲ. ಅವನ್ನೇ ಮೊದಲಿಗೆ ಇಟ್ಟೆವು.